ಕಾರಿನೊಳಗಿನ ದೀಪ

ಹೊಸಪೇಟೆ, ೧೯೩೮

ಅಂದಾನಪ್ಪ ಧಣಿಯವರಿಗೆ ಡ್ರೈವರ್ ಗಾಳೆಪ್ಪನ ಶರಣು.

ಬೆಳಿಗ್ಗೆ ಚಾಲೂ ಆಗುವುದಿಲ್ಲವೆಂದು ಕಾರು ಮಾರಬ್ಯಾಡ್ರಿ. ಬ್ಯಾಟರಿ ಕೆಟ್ಟಿಲ್ಲ. ಸಂಜೆ ಅದರ ತಂತಿ ಬಿಚ್ಚಿಟ್ಟರೆ ಬೆಳಿಗ್ಗೆ ಗಾಡಿ ಚಾಲೂ ಆಗುತ್ತಿತ್ತು. ಬಿಚ್ಚದಿದ್ದರೆ ಇಲ್ಲ. ಹಾಗಾಗಿ ನಿನ್ನೆ ರಾತ್ರಿ ತಂತಿ ಬಿಚ್ಚದೆ ಕಾದು ನೋಡಿದೆ.

ನಿಮ್ಮ ತಾಯಿಯವರು ಬಂದು, ನಿಮ್ಮ ತಮ್ಮ ಮರುಳಸಿದ್ದಪ್ಪನವರು ಆಸ್ಪತ್ರೆಯ ದಾರಿಯಲ್ಲಿ ಜೀವ ಬಿಟ್ಟ ಸೀಟಿನಲ್ಲಿ ಕುಂತು, ಒಳಗಿನ ದೀಪ ಹಚ್ಚಿದರು. ಆರಿಸದೆ ಎದ್ದು ಹೊರಟರು.

"ದೀಪ ಆರಿಸಲೇನ್ರೀ ಅವ್ವಾ?"

"ಬ್ಯಾಡಲೇ. ನನ್ನ ಕೂಸು ಕತ್ತಲದಾಗ ಹೆಂಗಿದ್ದೀತು?"

ನಾನು ಆರಿಸಲಿಲ್ಲ. ದೀಪ ರಾತ್ರಿಯಿಡೀ ಉರಿದು ಬ್ಯಾಟರಿ ಬರಿದಾಯಿತು.

ಇವತ್ತು ಹ್ಯಾಂಡಲ್ ತಿರುವಿ ಚಾಲೂ ಮಾಡಿ, ಬ್ಯಾಟರಿ ತುಂಬಲೆಂದು ಕಂಪ್ಲಿ ಹೊಳೆಯವರೆಗೆ ಓಡಿಸಿದೆ. ಅವ್ವನವರನ್ನೂ ಕರೆದೊಯ್ದಿದ್ದೆ. ಮಗ ಹೋದ ಮೇಲೆ ಮೊದಲ ಸಲ ಅತ್ತರು. ಮನೆಗೆ ಬಂದು ತಾವಾಗಿಯೇ ಉಣ್ಣಲು ಕೇಳಿದರು.

ದಿನಾ ಓಡಿಸಲು ಅಪ್ಪಣೆಯಾಗಲಿ.

ನಿಮ್ಮ ಮನೆಯವ,
ಗಾಳೆಪ್ಪ