ಸೇತುವೆ ಆಚೆಯ ಬೆಲೆ

ಅಂಗಡಿ ಮೇಲಿನ ಮನೆ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅತ್ತಿಗೆಯ ಬೆನ್ನುನೋವು ಕಡಿಮೆಯಾಯಿತಾ? ಮಗುವಿಗೆ ಹಲ್ಲು ಬಂತಾ, ಇನ್ನೂ ಬೊಚ್ಚುಬಾಯಲ್ಲೇ ನಗುತ್ತಿದೆಯಾ? ಇಷ್ಟು ಕೇಳದೆ ಮುಂದಿನ ಮಾತಿಗೆ ಹೋದರೆ ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು, ಅದಕ್ಕೇ ಕೇಳಿದೆ. ಉತ್ತರ ಕಾಯುವಷ್ಟು ಪುರುಸೊತ್ತು ನನಗಿಲ್ಲ. ನಮ್ಮ ಮಹಡಿಯಿಂದ ಕತ್ತು ಚಾಚಿದರೆ ಗಡಿಯ ಹೊಳೆಯಾಚೆ ನಿನ್ನ ಅಂಗಡಿ ಬೋರ್ಡಿನ ಕೆಂಪು ದೀಪ ಕಾಣುತ್ತದೆ, ಆದರೂ ಕಾಗದ ಬರೆಯುವ ಗತಿ ಬಂದಿದೆ. ಫೋನ್ ಮಾಡೋಣವೆಂದರೆ ನಮ್ಮ ಮನೆಯ ಫೋನುಗಳನ್ನೆಲ್ಲ ಕಸ್ಟಮ್ಸ್‌ನವರು ತೆಗೆದುಕೊಂಡು ಹೋಗಿದ್ದಾರೆ. ಕೆಳಗೆ ಅಂಗಡಿ ತುಂಬ ಫೋನಿವೆ, ಬಾಗಿಲಿಗೆ ಅರಗಿನ ಮುದ್ರೆ ಬಿದ್ದಿದೆ. ನಾನು ಗಡಿ ದಾಟಬಾರದು ಅಂತಲೂ ಹೇಳಿದ್ದಾರೆ. ಬ್ರೆಡ್ ವ್ಯಾನಿನ ಡ್ರೈವರ್ ದಿನಾ ಬೆಳಿಗ್ಗೆ ಸೇತುವೆ ದಾಟುತ್ತಾನಲ್ಲ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ಒಳ್ಳೆಯವನು, ಏನು ಎತ್ತ ಅಂತ ಕೇಳುವುದಿಲ್ಲ.

ನೀನು ಮನೆ ಬಿಟ್ಟ ದಿನ ಅಪ್ಪನಿಗೆ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ಅಪ್ಪಾ, ಜನ ಬೆಲೆ ನೋಡ್ತಾರೆ, ನಿನ್ನ ಮುಖ ನೋಡಲ್ಲ.” ಅಪ್ಪ ಗಾಜಿನ ಕಪಾಟು ಒರೆಸುತ್ತಾ ನಿಂತರು. ಆಮೇಲೆ ನಿನ್ನ ಹೆಸರೆತ್ತಿದ್ದಿಲ್ಲ. ಎತ್ತಲೇಬೇಕಾದರೆ ‘ಆಚೆಯವನು’ ಅನ್ನುತ್ತಿದ್ದರು. ಆದರೆ ನೀನು ಅಂದದ್ದೇ ನಿಜವಾಯಿತು. ಜನ ಬರುತ್ತಿದ್ದರು, ಬರದೆ ಇರಲಿಲ್ಲ. ಬಂದು ಹೊಸ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ಇದ್ದಬದ್ದದ್ದನ್ನೆಲ್ಲ ಒತ್ತಿ, ಕ್ಯಾಮೆರಾ ಹೇಗಿದೆ ಅಂತ ಅಪ್ಪನದೇ ಫೋಟೋ ತೆಗೆದು, ಯೋಚನೆ ಮಾಡಿ ಹೇಳ್ತೀವಿ ಅಂತ ಹೋಗುತ್ತಿದ್ದರು. ಯೋಚನೆಯೆಲ್ಲ ಸೇತುವೆ ಮೇಲೇ ಮುಗಿಯುತ್ತಿತ್ತು. ಸಂಜೆ ನಿನ್ನ ಅಂಗಡಿಯ ಚೀಲ ಹಿಡಿದುಕೊಂಡು ವಾಪಸು ನಮ್ಮಲ್ಲಿಗೇ ಬರುವರು, ಗಾಜಿಗೆ ಹಾಳೆ ಅಂಟಿಸಿಕೊಡಿ, ಹಳೆಯ ನಂಬರೆಲ್ಲ ಇದಕ್ಕೆ ಹಾಕಿಕೊಡಿ ಅಂತ. ಅಪ್ಪ ಅದನ್ನೂ ಮಾಡಿಕೊಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ತೋರಿಸುವುದು ಅಪ್ಪ, ಮಾರುವುದು ನೀನು ಅಂತ ನೀವಿಬ್ಬರೂ ಕೆಲಸ ಹಂಚಿಕೊಂಡ ಹಾಗಿತ್ತು.

ಒಮ್ಮೆ ಒಬ್ಬ ಟೀಚರ್ ಬಂದು ಅಪ್ಪನನ್ನು ಹೆಚ್ಚುಕಡಿಮೆ ಕಳ್ಳ ಅಂದೇ ಬಿಟ್ಟರು. ಅದೇ ಫೋನು, ಅದೇ ಡಬ್ಬಿ, ಸೇತುವೆ ಆಚೆ ಮುಕ್ಕಾಲು ಬೆಲೆಗೆ ಸಿಗುತ್ತೆ, ಉಳಿದ ಕಾಲುಭಾಗ ಯಾರ ಹೊಟ್ಟೆಗೆ ಹೋಗುತ್ತೆ ಅಂತ ಕೇಳಿದರು. ಅಪ್ಪ ಕುರ್ಚಿ ಹಾಕಿ ಕೂರಿಸಿ ವಿವರಿಸಿದರು. ಎರಡೂ ಒಂದೇ ಕಾರ್ಖಾನೆಯಿಂದ ಬಂದವು, ನಿಜ. ಆದರೆ ಈಚೆಯದು ಬಂದರಿನಲ್ಲಿ ಇಳಿದ ಕೂಡಲೆ ಸುಂಕ, ಆ ಸುಂಕ ಸೇರಿದ ಬೆಲೆಯ ಮೇಲೆ ಮತ್ತೆ ತೆರಿಗೆ. ದೇಶಕ್ಕೆಲ್ಲ ತರಿಸುವ ಹಕ್ಕು ಒಂದೇ ಕಂಪನಿಗೆ ಇರುವುದರಿಂದ ಅವರು ಹೇಳಿದ್ದೇ ದರ. ಇಲ್ಲಿ ಎರಡು ವರ್ಷದೊಳಗೆ ಕೆಟ್ಟರೆ ರಿಪೇರಿ ಮಾಡಿಕೊಡಲೇಬೇಕೆಂದು ಕಾನೂನಿದೆ, ಆ ಖರ್ಚನ್ನೂ ಮೊದಲೇ ಬೆಲೆಯಲ್ಲಿ ಸೇರಿಸಿಡುತ್ತಾರೆ. ಆಚೆ ಅಂಗಡಿಯ ಮೆಟ್ಟಿಲಿಳಿದರೆ ಮುಗಿಯಿತು, ಕೊಂಡವರ ಹಣೆಬರಹ. ನಮ್ಮ ದುಡ್ಡಿನ ಬೆಲೆ ಬಿದ್ದಾಗ ಏರಿಸಿದ ದರವನ್ನು, ಅದು ಚೇತರಿಸಿಕೊಂಡಾಗ ಇಳಿಸುವುದಕ್ಕೆ ಎಲ್ಲರೂ ಮರೆಯುತ್ತಾರೆ. ಅದೆಲ್ಲಕ್ಕಿಂತ ಹೆಚ್ಚಾಗಿ, ಯಾವ ದೇಶದ ಜನ ಗೊಣಗಿಕೊಂಡಾದರೂ ಎಷ್ಟರ ತನಕ ಕೊಡುತ್ತಾರೆ ಅನ್ನುವುದು ತಯಾರಿಸುವವರಿಗೆ ಚೆನ್ನಾಗಿ ಗೊತ್ತು. ನನ್ನ ಪಾಲು ಈ ಗಾಜಿನ ಹಾಳೆಯಷ್ಟು ತೆಳ್ಳಗಿದೆ ಮೇಡಂ ಅಂದರು ಅಪ್ಪ. ಟೀಚರ್ ಎಲ್ಲವನ್ನೂ ಕೇಳಿ, ಪಾಪ ಅಂದು, ಸೀದಾ ನಿನ್ನ ಹತ್ತಿರ ಬಂದು ಕೊಂಡರು.

ಹೋದ ವರ್ಷ ಇವರ ಸಂಬಳ ಕೊಡುವುದಕ್ಕೂ ಅಪ್ಪನ ಕೈಯಲ್ಲಿ ಆಗಲಿಲ್ಲ. ಅಳಿಯನಾದರೇನು, ದುಡಿದವನಿಗೆ ಕೊಡಬೇಕಲ್ಲ ಅಂತ ತಲೆ ತಗ್ಗಿಸುತ್ತಿದ್ದರು. ಇವರು ಇರಲಿ ಬಿಡಿ ಮಾವ ಅನ್ನುತ್ತಿದ್ದರು. ನೀನು ಮೂಕಪ್ಪ ಅಂತ ಹೆಸರಿಟ್ಟಿದ್ದೆಯಲ್ಲ, ಹಾಗೇ ಇದ್ದಾರೆ, ಏನೂ ಬದಲಾಗಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ವ್ಯಾಪಾರ ಚಿಗುರಿತು. ಕಂಪನಿಯವರು ರಿಯಾಯಿತಿ ಕೊಟ್ಟಿದ್ದಾರೆ, ಅದಕ್ಕೇ ದರ ಸ್ವಲ್ಪ ಇಳಿಸಿದ್ದೇವೆ ಅಂದರು ಇವರು. ಅಪ್ಪನ ಕಣ್ಣು ಮಂಜಾದ ಮೇಲೆ ಸರಕು ತರಿಸುವುದು, ಬಿಲ್ಲು ನೋಡುವುದು ಎಲ್ಲ ಇವರೇ ಆದ್ದರಿಂದ ನಮಗೆ ಅನುಮಾನ ಬರಲಿಲ್ಲ. ಅಪ್ಪ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದರು. ಇವರ ಬಾಕಿ ಸಂಬಳ ಚುಕ್ತಾ ಮಾಡಿದರು. ಒಂದು ದಿನ ಊಟಕ್ಕೆ ಕೂತಾಗ ಯಾರೂ ಕೇಳದೆಯೇ ಅಂದರು, “ನೋಡಿದ್ಯಾ, ಜನ ಮುಖಾನೂ ನೋಡ್ತಾರೆ.” ಆ ಮಾತು ನನಗಲ್ಲ, ನಿನಗೆ ಹೇಳಿದ್ದು ಅಂತ ನನಗೆ ಗೊತ್ತಾಯಿತು. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ.

ಹೋದ ಶನಿವಾರ ಸೇತುವೆ ಮೇಲೆ ಕಸ್ಟಮ್ಸ್‌ನವರು ಇವರ ಬೈಕು ನಿಲ್ಲಿಸಿದರು. ಚಾರ್ಜರ್ ತಂತಿ, ಗಾಜಿನ ಹಾಳೆ ತರುತ್ತೇನೆ ಅಂತ ವಾರವಾರ ಆಚೆ ಹೋಗುತ್ತಿದ್ದರು, ಅಷ್ಟೇ ನನಗೆ ತಿಳಿದಿದ್ದು. ಕೋಟಿನ ಒಳಪದರ ಬಿಚ್ಚಿ ನೋಡಿದರೆ ಒಳಗೆ ಫೋನುಗಳು, ಒಂದಕ್ಕೊಂದು ತಾಗದ ಹಾಗೆ ಕಾಲುಚೀಲದೊಳಗೆ ತೂರಿಸಿದ್ದವು. ನನ್ನ ಕಾಲುಚೀಲ ಅಣ್ಣಾ. ಜೋಡಿ ಸಿಗುತ್ತಿಲ್ಲ ಅಂತ ನಾನು ಎಷ್ಟು ಸಲ ಮನೆಯೆಲ್ಲ ತಡಕಾಡಿದ್ದೆನೋ. ಇದನ್ನು ಬರೆಯುವಾಗ ನಗು ಬಂತು, ಆಮೇಲೆ ನಿಲ್ಲಿಸಲು ಆಗದೆ ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅವತ್ತೇ ಮಧ್ಯಾಹ್ನ ಅಂಗಡಿಗೆ ಬಂದರು. ದೊಡ್ಡ ಆಫೀಸರ್ ಒಬ್ಬ ಹೆಂಗಸು, ಒರಟಾಗಿ ಏನೂ ಮಾತಾಡಲಿಲ್ಲ, ಅದಕ್ಕೇ ಭಯವಾಗಿದ್ದು. ಕಪಾಟಿನ ಫೋನುಗಳಲ್ಲಿ ಅರ್ಧಕ್ಕೆ ಬಿಲ್ಲಿಲ್ಲ ಅಂದರು. ಅಪ್ಪ ಎದ್ದು ನಿಂತು, ಸುಂಕ ಕಟ್ಟದ ಒಂದು ಸೂಜಿಯೂ ನನ್ನ ಅಂಗಡಿಯಲ್ಲಿಲ್ಲ ಅಂತ ಎಷ್ಟು ಗತ್ತಿನಿಂದ ಹೇಳಿದರು ಅಂದರೆ, ಆಕೆಗೂ ಒಂದು ಕ್ಷಣ ಸಂಕಟವಾಯಿತೇನೋ. ಒಂದು ಡಬ್ಬಿ ತಿರುಗಿಸಿ ಅಪ್ಪನ ಕೈಗೆ ಕೊಟ್ಟರು. ಅಪ್ಪ ಭೂತಗನ್ನಡಿ ಹಿಡಿದು ಓದಿದರು. ಆಚೆಯ ದೇಶದಲ್ಲಿ ಮಾತ್ರ ಮಾರಾಟಕ್ಕೆ ಅಂತ ಅದರ ಮೇಲೆ ಅಚ್ಚಾಗಿತ್ತು. ಇನ್ನೊಂದು ಡಬ್ಬಿ ತೆಗೆದು ಓದಿದರು, ಮತ್ತೊಂದು ಓದಿದರು. ಆಮೇಲೆ ಗಿರಾಕಿಗಳಿಗೆ ಹಾಕುವ ಕುರ್ಚಿಯಲ್ಲಿ ಕೂತುಬಿಟ್ಟರು. ಬಾಗಿಲಿಗೆ ಅರಗು ಹಾಕುವಾಗ ಅವರನ್ನು ಎಬ್ಬಿಸಿಕೊಂಡು ಮೇಲೆ ಬರುವಷ್ಟರಲ್ಲಿ ನನಗೆ ಸಾಕಾಯಿತು.

ಸೋಮವಾರ ಇವರನ್ನು ನೋಡಲು ಬಿಟ್ಟರು, ಮಧ್ಯೆ ಕಬ್ಬಿಣದ ಜಾಲರಿ. ಆಗ ಬಾಯಿಬಿಟ್ಟರು, ಅದೂ ನನ್ನ ಕಿವಿಗಷ್ಟೇ. ಮಾಲು ನಿನ್ನದು, ನೀನು ಕೊಂಡ ಬೆಲೆಗೇ ಇವರಿಗೆ ಕೊಡುತ್ತಿದ್ದೆ, ಒಂದು ಕಾಸೂ ಲಾಭ ಇಟ್ಟುಕೊಳ್ಳುತ್ತಿರಲಿಲ್ಲ. ಅಪ್ಪನ ಅಂಗಡಿ ಮುಚ್ಚಬಾರದು, ಅಪ್ಪನಿಗೆ ಗೊತ್ತಾಗಬಾರದು ಅಂತ ನೀನು ಇವರಿಂದ ಮಾತು ತೆಗೆದುಕೊಂಡಿದ್ದೆ. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ ಅದಕ್ಕೂ ಜಾಗವಿಲ್ಲದ ಹಾಗೆ ಮಾಡಿದ್ದೀಯ. ಆ ಮಾತನ್ನು ಇವರು ಈಗಲೂ ಹಿಡಿದುಕೊಂಡು ಕೂತಿದ್ದಾರೆ. ಎಷ್ಟು ಕೇಳಿದರೂ ನಿನ್ನ ಹೆಸರು ಹೇಳುತ್ತಿಲ್ಲ. ಹೊತ್ತು ತಂದವನಿಗೆ ಶಿಕ್ಷೆ ಕಡಿಮೆ, ಮಾಲಿನ ಯಜಮಾನನಿಗೆ ವರ್ಷಗಟ್ಟಲೆ ಜೈಲು ಅಂತ ಆಫೀಸರ್ ನನ್ನನ್ನು ಕೂರಿಸಿಕೊಂಡು ಹೇಳಿದರು. ಯಜಮಾನ ಯಾರೆಂದು ತಿಳಿಯದಿದ್ದರೆ ಬರುವ ಸೋಮವಾರ ಎಲ್ಲವೂ ಇವರದೇ ಅಂತ ಕೋರ್ಟಿಗೆ ಬರೆದುಕೊಡುತ್ತಾರಂತೆ. ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ, ಮುಚ್ಚಿಡುವ ಶಕ್ತಿ ನನಗಿರಲಿಲ್ಲ. ಅವರು ಕಿಟಕಿ ಹತ್ತಿರ ಹೋಗಿ ನಿಂತರು. ಕಣ್ಣು ಮಂಜಾಗಿದ್ದರೂ ಆ ಕೆಂಪು ದೀಪ ಅವರಿಗೆ ಕಾಣುತ್ತದೆ ಅಂತ ನನಗೆ ಅವತ್ತು ತಿಳಿಯಿತು.

ನೀನು ಬರಬೇಡ. ಈಚೆ ಕಾಲಿಟ್ಟರೆ ನಿನ್ನನ್ನೂ ಹಿಡಿಯುತ್ತಾರೆ, ಆ ಎಳೆಮಗುವನ್ನು ಕಟ್ಟಿಕೊಂಡು ಅತ್ತಿಗೆ ಏನು ಮಾಡಬೇಕು? ಎರಡೂ ಕಡೆಯ ಕಾನೂನು ಬಲ್ಲ ಒಬ್ಬ ವಕೀಲರನ್ನು ಹುಡುಕಿ ಕಳಿಸು. ಇಲ್ಲಿ ಯಾರನ್ನು ಕೇಳಲಿ, ನನಗೆ ದಿಕ್ಕು ತೋಚುತ್ತಿಲ್ಲ. ಹಾಸಿಗೆಯ ಪಕ್ಕ ಖಾಲಿ, ಅಂಗಡಿ ಖಾಲಿ, ಅಪ್ಪ ಎದುರಿಗಿದ್ದರೂ ಇಲ್ಲದ ಹಾಗಿದ್ದಾರೆ. ಬೇಗ ಏನಾದರೂ ಮಾಡು.

ಅತ್ತಿಗೆಗೆ ನನ್ನ ನಮಸ್ಕಾರ. ಮಗುವಿಗೆ, ಇನ್ನೂ ಅದರ ಮುಖ ನೋಡದ ಅತ್ತೆಯ ಮುತ್ತು.

ನಿನ್ನ ಅಳುಬುರುಕಿ
ತಂಗಿ

ಮತ್ತೊಂದು ಮಾತು: ಶುಕ್ರವಾರ ಬೆಳಿಗ್ಗೆ ಬರೆಯುತ್ತಿದ್ದೇನೆ, ವ್ಯಾನು ಬಂದು ನಿಂತಿದೆ. ಅಪ್ಪ ಬೇಗ ಎದ್ದು ಗಡ್ಡ ಹೆರೆದುಕೊಂಡು ನನ್ನನ್ನು ಎದುರು ಕೂರಿಸಿಕೊಂಡರು. ಸೋಮವಾರ ತಾವೇ ಹೋಗಿ, ಮಾಲೆಲ್ಲ ನನ್ನದು, ಅಳಿಯನಿಗೆ ಹೇಳಿ ತರಿಸಿದ್ದು ನಾನು, ಆಚೆ ಯಾರೋ ಗುರುತಿಲ್ಲದವರ ಹತ್ತಿರ ಕೊಂಡದ್ದು ಅಂತ ಹೇಳುತ್ತಾರಂತೆ. ಅಳಿಯನೂ ಆಚೆಯವನೂ ಇಬ್ಬರೂ ಉಳಿದುಕೊಳ್ತಾರೆ, ನನಗೆ ಇನ್ನೇನಿದೆ ಅಂದರು. ನಾನು ಆಫೀಸರ್ ಆಗಿ ಪ್ರಶ್ನೆ ಕೇಳಬೇಕಂತೆ, ಅಭ್ಯಾಸಕ್ಕೆ. ಕೇಳಿದೆ. ಒಂದೊಂದಕ್ಕೆ ಎಷ್ಟು ಕೊಟ್ಟಿರಿ ಅಂದೆ. ಈಚೆಯ ಬೆಲೆ ಹೇಳಿದರು, ಸುಂಕ ತೆರಿಗೆ ಎಲ್ಲ ಸೇರಿಸಿ. ತಪ್ಪು ಅಪ್ಪಾ ಅಂದೆ. ಮತ್ತೆ ಕೇಳಿದರೂ ಅದೇ ಬಂತು. ಬೇರೆ ಬೆಲೆ ಅವರ ಬಾಯಿಗೆ ಬರುವುದೇ ಇಲ್ಲ. ಆಮೇಲೆ ನನ್ನ ಮುಖ ನೋಡದೆ, “ಅವನ ಮಗು ನಡೆಯುತ್ತಾ?” ಅಂತ ಕೇಳಿದರು. ಬರಬೇಡ ಅಂತ ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಲು ಹೊತ್ತಿಲ್ಲ. ಬಾ ಅಣ್ಣಾ. ಸೋಮವಾರಕ್ಕೆ ಮುಂಚೆ ಬಾ.