ಹಿಂದಿನ ಗಾಜಿನ ಮೇಲಿನ ಮಾತು

ಕುಮಾಸಿ, ಮಾರ್ಚ್ ೧೪, ಮಂಗಳವಾರ

ತಂಗಿ ಅಫಿಯಾ, ನಿನ್ನ ಮಂಡಿನೋವು ಹೇಗಿದೆ? ಪುಟ್ಟ ಅಕೊಸುವಾಳ ಕೆಮ್ಮು ಇಳಿಯಿತೇ? ಈಗ ದಿನಚರಿಯಲ್ಲಿ ಬರೆದಿಟ್ಟು, ಬೆಳಿಗ್ಗೆ ಧೈರ್ಯ ಬಂದರೆ ಕಾಗದಕ್ಕೆ ಇಳಿಸುತ್ತೇನೆ.

ನಿನ್ನ ಮಗ ಕ್ವಾಬೆನಾನಿಗೆ ಟ್ಯಾಕ್ಸಿ ಕೊಡಿಸುವುದು ಸೋದರಮಾವನಾದ ನನ್ನ ಹೊಣೆ. ಹೊಸ ಕಾರು ವಾರದ ಬಾಡಿಗೆಗೆ ಸಿಗುತ್ತದೆ. ಆದರೆ ಒಂದು ವಾರದ ಬಾಡಿಗೆ ತಪ್ಪಿದರೆ ಒಡೆಯ ಕಿತ್ತುಕೊಳ್ಳುತ್ತಾನೆಂದು ಹುಡುಗರು ನಿದ್ದೆಗೆಟ್ಟು ಓಡಿಸುತ್ತಾರೆ. ಅದಕ್ಕೇ ಇಂದು ಕೊಳ್ಳಲು ಹಳೆಯದೊಂದನ್ನು ನೋಡಿದೆವು. ಡ್ರೈವರುಗಳು ತಮ್ಮ ಮಾತು ಬರೆಸುತ್ತಾರಲ್ಲ, ಆ ಹಿಂದಿನ ಗಾಜಿನ ಬರಹವನ್ನು ಯಾರೋ ಕೆರೆದಿದ್ದರು. ಓರೆಯಾಗಿ ನಿಂತರೆ ಇನ್ನೂ ಕಾಣುತ್ತಿತ್ತು: ‘ಮನೆಯಲ್ಲಿ ಅಮ್ಮ ಕಾದಿದ್ದಾಳೆ’. ಹಳೆಯ ಗಾಡಿಯನ್ನು ಬರಹ ಅಳಿಸದೆ ಮಾರುವುದನ್ನಷ್ಟೇ ನಾನು ಕಂಡಿದ್ದೆ.

“ಯಾಕಪ್ಪಾ ಕೆರೆದಿದ್ದಾರೆ? ಇದನ್ನು ಬರೆಸಿದ ಡ್ರೈವರ್ ಎಲ್ಲಿ?” ಎಂದು ಮಾರುವವನನ್ನು ಕೇಳಿದೆ.

“ಅಯ್ಯೋ ಯಜಮಾನ್ರೇ, ಗಾಡಿ ತಗೋತೀರೋ, ಗಾಜು ಓದ್ತಾ ನಿಲ್ತೀರೋ?” ಎಂದು ಆತ ನಕ್ಕ.

ಕ್ವಾಬೆನಾ ಗಾಜು ಸವರುತ್ತಾ, “ಮಾವ, ಇಲ್ಲಿ ‘ಮಾವ ಇದ್ದಾರೆ’ ಅಂತ ಬರೆಸ್ತೀನಿ. ಆಮೇಲೆ ನಂಗೇನ್ ಭಯ?” ಎಂದ.

ಆಗಿನಿಂದ ಭಯವೆಲ್ಲ ನನ್ನದಾಗಿದೆ. ಆ ಅಮ್ಮನ ಮಗ ಮನೆ ಸೇರಲೇ ಇಲ್ಲವೇನೋ; ನಾಳೆ ನಮ್ಮ ಹುಡುಗನ ಬರಹವನ್ನೂ ಯಾರಾದರೂ ಕೆರೆಯುವ ದಿನ ಬಂದರೆ? ಬಾಡಿಗೆಯೋ ಹಳೆಯದೋ, ಹೆತ್ತವಳು ನೀನೇ ಹೇಳು. ಗಾಜಿನ ಮೇಲೆ ಬರೆಯುವವನಿಗೆ ಶನಿವಾರ ಬಾ ಎಂದು ಹುಡುಗ ಆಗಲೇ ಹೇಳಿಬಿಟ್ಟಿದ್ದಾನೆ. ಅಷ್ಟರೊಳಗೆ ಎರಡು ಸಾಲು ಬರೆ ತಾಯಿ.