ಕರಿಮಣಿಯ ಜಾಗಕ್ಕೆ ಹವಳ

ಪಟ್ಟಂದೂರು ಅಗ್ರಹಾರ
೩ ನವೆಂಬರ್ ೨೦೨೫, ಸೋಮವಾರ

ತಾಯಿಯ ಜಾಗದಲ್ಲಿ ನಿಂತು ನನ್ನನ್ನು ಬೆಳೆಸಿದ ಅಕ್ಕ ನೀಲಗಂಗವ್ವನಿಗೆ ತಂಗಿ ಮಹಾದೇವಿಯ ಶರಣು.

ಇವತ್ತು ಕಾರ್ತಿಕ ಸೋಮವಾರ, ನನ್ನದು ಒಪ್ಪತ್ತು. ನಸುಕಿನಲ್ಲೇ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಟ್ಯಾಂಕರ್ ಬಂದದ್ದಕ್ಕೆ ಬಿಂದಿಗೆಗಳನ್ನು ತುಂಬಿಕೊಂಡು, ಲಿಂಗಪೂಜೆ ಮುಗಿಸಿದೆ. ನಮ್ಮನೆಯವರು ರೊಟ್ಟಿ ಕಟ್ಟಿಕೊಂಡು ಬೆಳಗಿನ ಶಿಫ್ಟಿಗೆ ಹೋದರು. ಈಗ ಮನೆಯಲ್ಲಿ ನಾನೊಬ್ಬಳೇ, ಹೊಟ್ಟೆಯೂ ಹಗುರ, ತಲೆಯೂ ಹಗುರ. ಬರೆಯಲು ಇದೇ ಹೊತ್ತು.

ದಸರೆಗೇ ಬರೆಯಬೇಕಿದ್ದ ಕಾಗದವಿದು. ತಡವಾಯಿತು, ಬೈಯಬೇಡ. ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀ, ಗೊತ್ತು. ಫೋನಿನಲ್ಲಿ ಈ ವಿಷಯ ತೆಗೆದರೆ ಸಾಕು, “ಏನೂ ಕೇಳಸವಲ್ದು ಬೇ, ಹಾಲು ಉಕ್ಕಾಕತ್ತೈತಿ” ಅಂತ ಇಟ್ಟುಬಿಡುತ್ತೀ. ಶ್ರಾವಣದಿಂದ ನಿಮ್ಮ ಮನೆಯ ಹಾಲು ಉಕ್ಕುತ್ತಲೇ ಇದೆ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲು ಬರುವುದಿಲ್ಲ, ನೋಡು.

ಸುತ್ತಿ ಬಳಸಿ ಹೇಳುವುದಿಲ್ಲ. ವಿನಾಯಕನ ಮದುವೆ ಇದೇ ತಿಂಗಳು ಮೂವತ್ತಕ್ಕೆ. ಸೊಸೆಯ ತಾಳಿಸರವನ್ನು ನೀನು ಮುಗಿಸಿಕೊಡಬೇಕು, ಮದುವೆಗೆ ಬಂದು ಮುಂದಿನ ಸಾಲಿನಲ್ಲಿ ಕೂರಬೇಕು. ಒಪ್ಪಿಸದೆ ನಾನು ಬಿಡುವವಳಲ್ಲ.

ಮಣಿ ಬದಲಾದದ್ದು ಹೇಗೆಂದು ನಿನಗೆ ಪೂರ್ತಿ ಹೇಳಿಲ್ಲ. ಸೊಸೆಯಾಗುವ ಯಾಮಿನಿಯ ಮನೆ ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ. ತಮಿಳರು, ಆದರೆ ತಾತನ ಕಾಲದಿಂದ ಇಲ್ಲಿಯವರೇ. ಹುಡುಗಿ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿನ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದವಳನ್ನು ಬಿಡಿಸಲು ಹೋದ ನಮ್ಮ ಮೆಕ್ಯಾನಿಕ್ ಮಹಾರಾಯ ತಾನೇ ಸಿಕ್ಕಿಕೊಂಡು ಬಂದ. ಮಾತುಕತೆಗೆ ಅವರ ಮನೆಗೆ ಹೋದಾಗ ನಾನು ಸೀರೆ, ಕುಂಕುಮದ ಜೊತೆಗೆ ನಮ್ಮ ತವರಿನ ತೆನೆಸರದ ಹಳೆಯ ಮಾದರಿಯನ್ನೂ ತೋರಿಸಲು ಒಯ್ದಿದ್ದೆ. ಜೋಳದ ತೆನೆಯ ಹಾಗೆ ಕರಿಮಣಿ ಒತ್ತೊತ್ತಾಗಿ ಹೆಣೆದು, ನಡುನಡುವೆ ಬಂಗಾರದ ಗುಂಡು. ನೀನೇ ನನಗೆ ಕಲಿಸಿದ್ದು. ಬೀಗಿತ್ತಿ ಶೋಭಾರಾಣಿ ಅದನ್ನು ಕೈಯಲ್ಲಿ ಹಿಡಿದು, “ತುಂಬಾ ಚೆನ್ನಾಗಿದೆ ಕಣ್ರೀ. ಆದ್ರೆ ನಮ್ಮಲ್ಲಿ ತಾಳಿ ಹತ್ರ ಕರಿ ಬಣ್ಣ ತರಲ್ಲ. ನಮ್ಮತ್ತೆ ನೋಡಿದ್ರೆ ಎದೆ ಎದೆ ಬಡ್ಕೊಂಡ್ಬಿಡ್ತಾರೆ” ಅಂದಳು. ಒಳಗಿನಿಂದ ಆ ಮುದುಕಿ, “ನನ್ಗೆ ಎಲ್ಲಾ ಕೇಳಿಸ್ತಾ ಇದೆ” ಅಂದಿತು!

“ನಮ್ಮಲ್ಲಿ ಕರಿಮಣಿ ಇಲ್ಲದಿದ್ದರೆ ಮದುವೆಯೇ ಆಗಿಲ್ಲ ಅಂತಾರ್ರೀ” ಎಂದೆ ನಾನೂ. ಇಬ್ಬರೂ ಬಿಗಿದುಕೊಂಡು ಕುಳಿತೆವು. ಅವಳ ಗಂಡ ನಲ್ಲಪ್ಪ ನಮ್ಮನೆಯವರಿಗೆ, “ಬೀಗ್ರೇ, ಇವ್ರು ಮಣಿಮಣಿ ಲೆಕ್ಕಕ್ಕೆ ಯುದ್ಧ ಮಾಡ್ಲಿ, ನಾವು ಇನ್ನೊಂದು ಕಾಫಿ ಕುಡಿಯೋಣ” ಅಂದ. ಆಗ ಯಾಮಿನಿ ಬಂದು ನನ್ನ ಪಕ್ಕ ಕುಳಿತಳು. “ಅತ್ತೆ, ಡಿಸೈನ್ ನಿಮ್ದೇ ಇರ್ಲಿ. ಮಣಿ ಮಾತ್ರ ಬೇರೆ ಹಾಕೋಕಾಗಲ್ವಾ? ಡ್ಯೂಟಿಗೂ ಹಾಕ್ಕೊಂಡು ಹೋಗ್ಬೇಕು ನಾನು” ಅಂದಳು. ಹವಳವಾದರೆ ನಮ್ಮ ತಾಳಿಗೂ ಪೋಣಿಸುತ್ತೇವೆ ಎಂದು ಮುದುಕಿ ಒಳಗಿನಿಂದಲೇ ತೀರ್ಪು ಕೊಟ್ಟಿತು. ಹವಳ ನಮಗೇನು ಬೇಡವಾದದ್ದೇ? ಹೂಂ ಅಂದೆ.

ಹೂಂ ಅನ್ನುವುದು ಸುಲಭ, ಹೆಣೆಯುವುದು ಅಲ್ಲ. ಕರಿಮಣಿ ಒಂದೇ ತಾಯಿಯ ಮಕ್ಕಳ ಹಾಗೆ, ಎಲ್ಲ ಒಂದೇ ಅಳತೆ. ಹವಳದಲ್ಲಿ ಒಂದು ಗಿಡ್ಡ, ಒಂದು ಉದ್ದ. ಕರಿಮಣಿಯ ಲೆಕ್ಕದಲ್ಲೇ ಹೆಣೆದೆ; ಬಿಗಿಯಾಗಿ ಹಾಕಿದ ಜಡೆಯ ತುದಿ ತಿರುಚಿಕೊಳ್ಳುವಂತೆ ತೆನೆಯೆಲ್ಲ ಸೊಟ್ಟಗಾಯಿತು. ಬಿಚ್ಚಿದೆ. ಆಮೇಲೆ ಹವಳವನ್ನೆಲ್ಲ ತಟ್ಟೆಗೆ ಸುರಿದು ಓರೆ ಮಾಡಿದೆ. ದುಂಡಗಿರುವವು ಉರುಳಿ ಕೆಳಗೆ ಬಂದವು, ಸೊಟ್ಟಗಿರುವವು ಅಲ್ಲೇ ಕುಳಿತವು. ಉರುಳಿದವನ್ನಷ್ಟೇ ಆರಿಸಿ, ತೆನೆಗೊಂದೊಂದು ಮಣಿ ಕಡಿಮೆ ಮಾಡಿ, ತೆಳು ಸೂಜಿಯಲ್ಲಿ ಮತ್ತೆ ಹಿಡಿದೆ. ತೂತು ಸಣ್ಣದು, ದಾರ ಎರಡನೇ ಸಲ ಹಾಯುವಾಗ ಅವಸರ ಮಾಡಿದರೆ ಹವಳ ಸೀಳುತ್ತದೆ. ಈಗ ಎರಡೂ ಪಕ್ಕ ಸರಿಯಾಗಿ ಇಳಿದಿವೆ. ಕೈಮೇಲೆ ಹಾಕಿದರೆ ನೀರಿನ ಹಾಗೆ ಜಾರುತ್ತದೆ. ಬಣ್ಣ ನಿಮ್ಮ ಬ್ಯಾಡಗಿ ಮೆಣಸಿನಕಾಯಿಯದೇ.

ಎರಡೂ ಪಕ್ಕ ಸೇರುವ ನಡುವಿನ ತೆನೆಯನ್ನು ಮಾತ್ರ ಹಾಕಿಲ್ಲ. ನನಗೆ ಬರುವುದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಬರುತ್ತದೆ. ಅದು ನಿನ್ನದು, ಅದಕ್ಕೇ ಬಿಟ್ಟಿದ್ದೇನೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಶ್ರಾವಣದಲ್ಲಿ, ಇನ್ನೂ ಮಣಿಯ ಮಾತು ಏಳುವುದಕ್ಕೆ ಮುಂಚೆ, ಸರ ನೀನೇ ಮಾಡು ಎಂದು ಕೇಳಿದ್ದೆ. ನೀನು “ಗಂಡ ಸತ್ತಾಕಿ ಕರಿಮಣಿ ಮುಟ್ಟಬಾರ್ದು ಬೇ, ನೀ ತಿಳದಾಕಿ” ಅಂದೆ. ಭಾವ ಹೋಗಿ ಮೂರು ವರ್ಷವಾಯಿತು, ಆ ನೋವು ನನಗೂ ಇದೆ, ಸುಮ್ಮನಾದೆ. ದಸರೆಯಲ್ಲಿ, ಅಕ್ಕಾ ಈಗ ಕರಿಮಣಿ ಇಲ್ಲ, ಹವಳ ಎಂದರೆ, “ಕರಿಮಣಿ ಇಲ್ದ ತಾಳಿ ಎಂಥಾ ತಾಳಿ? ನಾ ಮುಟ್ಟಂಗಿಲ್ಲ” ಅಂದೆ. ಕರಿಮಣಿ ಇದ್ದರೂ ಮುಟ್ಟಬಾರದು, ಇಲ್ಲದಿದ್ದರೂ ಮುಟ್ಟಬಾರದು. ಅಕ್ಕಾ, ಇದು ಶಾಸ್ತ್ರವಲ್ಲ, ಹಟ. ಹಿರಿಯರು ಕಟ್ಟು ಹಾಕಿದ್ದು ಕರಿಮಣಿಗೆ. ಈ ಸರದಲ್ಲಿ ಹುಡುಕಿದರೂ ಒಂದು ಕರಿಮಣಿ ಸಿಗದು. ಯಾವ ಶಾಸ್ತ್ರ ನಿನ್ನ ಕೈ ಹಿಡಿಯುತ್ತದೆ, ಹೇಳು ನೋಡೋಣ?

ನಾನು ದೇವರಿಗೆ ಹೆದರಿ ನಡೆಯುವವಳೆಂದು ನಿನಗೆ ಗೊತ್ತು. ಇವತ್ತು ಇಷ್ಟಲಿಂಗ ಅಂಗೈಯಲ್ಲಿ ಹಿಡಿದು ಕುಳಿತಾಗ ಇದನ್ನೇ ಯೋಚಿಸಿದೆ. ನಮ್ಮ ಶಿವ ಸ್ಮಶಾನದ ಬೂದಿಯನ್ನೇ ಮೈಗೆಲ್ಲ ಬಳಿದುಕೊಂಡವನು. ಅವನಿಗೆ ಅಂಟದ ಮೈಲಿಗೆ, ದಿನಾ ಅವನನ್ನೇ ಪೂಜಿಸುವ ನಿನ್ನ ಕೈಗೆ ಎಲ್ಲಿಂದ ಅಂಟಿತು?

ಶಿಫ್ಟಿಗೆ ಹೊರಟು ನಿಂತಿದ್ದ ನಮ್ಮನೆಯವರಿಗೂ ಇದನ್ನೇ ಹೇಳಿದೆ. “ಹಂಗ ಬರಿ. ನಿಮ್ಮಕ್ಕಗ ನಾ ಹೇಳಿದ್ರ ನಡ್ಯಾಂಗಿಲ್ಲ, ‘ಗದಿಗೆಪ್ಪ, ನೀ ಉಣ್ಣು, ಮಲಗು’ ಅಂತಾಳ” ಅಂದರು. ಸುಳ್ಳೇನಲ್ಲವಲ್ಲ!

ಸಂಗಮೇಶನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ. ಮೊಮ್ಮಗಳ ಕೆಮ್ಮಿಗೆ ಓಂಕಾಳಿನ ಕಾವು ಕೊಡು. ನಿನ್ನ ಮಂಡಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಡಬೇಡ. ಆ ಶಿವ ನಿನ್ನ ಕಣ್ಣು, ಕೈ ಎರಡನ್ನೂ ಗಟ್ಟಿಯಾಗಿ ಇಟ್ಟಿರಲಿ. ನಿನ್ನ ಹರಕೆ ನನ್ನ ಮಕ್ಕಳ ಮೇಲಿರಲಿ.

ನಿನ್ನ ತಂಗಿ,
ಮಹಾದೇವಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ದೀಪಾವಳಿಗೆ ಬಂದ ಮಗಳು ಸ್ಫೂರ್ತಿ ಈ ಹವಳದ ಸರ ನೋಡಿದಳು. ನಡುವಿನ ತೆನೆ ದೊಡ್ಡವ್ವನಿಗೆ ಬಿಟ್ಟಿದ್ದೇನೆ ಅಂದದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು. ಅವಳ ಮದುವೆಯ ಹಿಂದಿನ ದಿನ, ನಾನು ಕೆಳಗೆ ಬೀಗರನ್ನು ಎದುರುಗೊಳ್ಳಲು ನಿಂತಿದ್ದಾಗ, ಮೇಲಿನ ಕೋಣೆಯಲ್ಲಿ ನಡೆದದ್ದನ್ನು ಹೇಳಿದಳು. ಅವಳ ಕರಿಮಣಿ ಸರ ಪೋಣಿಸಿದವರು ಯಾರು ಅಂತ ಗಂಡಿನ ಸೋದರತ್ತೆ ಕೇಳಿದ್ದು. ನೀನು ಎಂದು ತಿಳಿದ ಮೇಲೆ ನಿನ್ನೆದುರಿಗೇ ಕತ್ತರಿ ತರಿಸಿ ದಾರ ಕತ್ತರಿಸಿದ್ದು. ಐದು ಜನ ಮುತ್ತೈದೆಯರನ್ನು ಕೂರಿಸಿ ಮತ್ತೆ ಪೋಣಿಸಿದ್ದು. ಮಂಚದಡಿಗೆ ಉರುಳಿದ ಮಣಿಗಳನ್ನು ನೀನೇ ಬಗ್ಗಿ ಆರಿಸಿ ಅವರ ತಟ್ಟೆಗೆ ಹಾಕಿದೆಯಂತೆ. “ನಿಮ್ಮವ್ವಗ ಹೇಳಿದ್ರ ನನ್ನಾಣಿ” ಅಂದೆಯಂತೆ. ಮಗು ಎರಡು ವರ್ಷ ಆ ಆಣೆ ಹೊತ್ತುಕೊಂಡು ತಿರುಗಿದೆ. ಆ ದಿನ ಯಾಕೆ ಉಣ್ಣಲಿಲ್ಲ ಎಂದು ನಾನು ಕೇಳಿದರೆ ನೀನು ಪಿತ್ತ ಅಂದಿದ್ದೆ.

ನಿನ್ನೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬಂದೆ. ಸರ ಮುಗಿಸುವವಳು ನನ್ನ ಅಕ್ಕ, ಗಂಡ ತೀರಿಕೊಂಡಿದ್ದಾರೆ ಎಂದು ಶೋಭಾರಾಣಿಗೂ ಆ ಮುದುಕಿಗೂ ಮುಖಕ್ಕೆ ಮುಖ ಕೊಟ್ಟು ಹೇಳಿದೆ. ಶೋಭಾರಾಣಿ ಅತ್ತೆಯ ಮುಖ ನೋಡಿದಳು. ಮುದುಕಿ ಕುಂಕುಮವಿಲ್ಲದ ತನ್ನ ಹಣೆ ಮುಟ್ಟಿ ತೋರಿಸಿ, “ಅಂಗಾದ್ರೆ ನಾನೂ ಮೊಮ್ಮಗಳ ಮದ್ವೆಗೆ ಒಳಗೇ ಕೂತಿರ್ಬೇಕಾ?” ಅಂತ ಕೇಳಿತು. “ನಿಮ್ಮಕ್ಕನ್ನ ನನ್ ಪಕ್ಕ ಕೂರ್ಸಮ್ಮ” ಅಂತ ಅದೇ ಹೇಳಿತು.

ಖಡಕ್ ರೊಟ್ಟಿ ತಂದು ಮಾರತ್ತಹಳ್ಳಿಯಲ್ಲಿ ಮಾರುವ ನಮ್ಮೂರ ಈರಪ್ಪನ ಕೈಯಲ್ಲಿ ಸರ, ಸೂಜಿ, ಆರಿಸಿದ ಹವಳ ಎಲ್ಲ ಕಳಿಸಿದ್ದೇನೆ. ಕೊನೆಯ ಗಂಟು ನೀನೇ ಹಾಕು, ಎರಡು ಸುತ್ತು ಬಿಗಿಯಾಗಿ. ಈ ಸಲ ಕತ್ತರಿ ಹಿಡಿದು ಬಂದವರು ಮೊದಲು ನನ್ನನ್ನು ದಾಟಬೇಕು. ಈರಪ್ಪ ಗುರುವಾರ ಮತ್ತೆ ಇತ್ತ ಹೊರಡುತ್ತಾನೆ, ನಿಮ್ಮ ಬಾಗಿಲಿಗೇ ಬರಲು ಹೇಳಿದ್ದೇನೆ. ಹಾಲು ಉಕ್ಕಿದರೆ ಉಕ್ಕಲಿ, ಉತ್ತರ ಬರೆದು ಅವನ ಕೈಗೆ ಕೊಡು.